ಬ್ಯಾರಿಟೋನ್ ಕಂಠದಲ್ಲಿ ಬಾಖ್: ಒಂಟಿ ದನಿಯ ಕಾಂಟಾಟಾ ರೆಕಾರ್ಡಿಂಗ್ ಕೇಳುವುದು ಹೇಗೆ?

ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಕಾಂಟಾಟಾಗಳ, ಅಂದರೆ ಹಲವು ತುಣುಕು ಜೋಡಿಸಿದ ಹಾಡುಗಬ್ಬಗಳ, ಆಲ್ಬಂ ಒಂದು ಕೈಗೆ ಸಿಕ್ಕಿದೆ. ಒಬ್ಬನೇ ಗಂಡಸು ಗಂಭೀರ ದನಿಯಲ್ಲಿ ಸುಮಾರು ಒಂದು ಗಂಟೆ ಹಾಡುತ್ತಾನೆ. ಚೆನ್ನಾಗಿದೆ ಅನ್ನಿಸುತ್ತೆ, ಆದರೆ ಎಲ್ಲ ಒಂದೇ ಥರ ಕೇಳಿಸುತ್ತೆ. ಭಾಷೆ ಜರ್ಮನ್, ಒಂದು ಪದವೂ ತಿಳಿಯಲ್ಲ. ಎಲ್ಲಿಂದ ಶುರು ಮಾಡಬೇಕು, ಯಾರ ರೆಕಾರ್ಡಿಂಗ್ ತೊಗೊಳ್ಳಬೇಕು? ಪಾಶ್ಚಾತ್ಯ ಸಂಗೀತದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಈ ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಲೇಖನದಲ್ಲಿ ಬೇರೇನು ಮರೆತರೂ ಇದೊಂದನ್ನು ನೆನಪಿಡಿ. ಗಾಯಕನೊಬ್ಬನನ್ನೇ ಕೇಳಬೇಡಿ. ಅವನ ಜೊತೆ ಯಾವ ವಾದ್ಯ ಮಾತಾಡುತ್ತಿದೆ ಅಂತ ಹುಡುಕಿ. ಅದು ಸಿಕ್ಕ ಕೂಡಲೇ ಒಂದೇ ಥರ ಕೇಳುತ್ತಿದ್ದದ್ದು ಬೇರೆ ಬೇರೆಯಾಗಿ ಕೇಳಿಸತೊಡಗುತ್ತದೆ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಒಂದು ಸಾಧಾರಣ ಒಳ್ಳೆಯ ಹೆಡ್‌ಫೋನ್ ಅಥವಾ ಸ್ಪೀಕರ್. ಮೊಬೈಲಿನದೇ ಸ್ಪೀಕರ್ ಬೇಡ. ಅದರಲ್ಲಿ ಸೆಲ್ಲೋ, ಅಂದರೆ ದೊಡ್ಡ ಪಿಟೀಲಿನಂಥ ಕೆಳದನಿಯ ವಾದ್ಯ, ಸರಿಯಾಗಿ ಕೇಳಿಸುವುದೇ ಇಲ್ಲ, ಈ ಸಂಗೀತದಲ್ಲಿ ಅರ್ಧ ಕಥೆ ಕೆಳಗಿನ ಸ್ವರಗಳಲ್ಲೇ ಇದೆ. ಹಾಡಿನ ಸಾಹಿತ್ಯ, ಅಂದರೆ ಜರ್ಮನ್ ಮೂಲ ಮತ್ತು ಇಂಗ್ಲಿಷ್ ಅನುವಾದ ಅಕ್ಕಪಕ್ಕದಲ್ಲಿರುವ ಒಂದು ಪ್ರತಿ. ಸಿಡಿ ಕೊಂಡರೆ ಒಳಗಿನ ಪುಸ್ತಿಕೆಯಲ್ಲಿ ಸಾಮಾನ್ಯವಾಗಿ ಇರುತ್ತದೆ, ಇಲ್ಲದಿದ್ದರೆ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಆಮೇಲೆ ಕನ್ನಡ ಸತ್ಯವೇದ, ಅಂದರೆ ಬೈಬಲ್. ಇದು ಯಾಕೆ ಅನ್ನುವುದು ಮೂರನೇ ಹಂತದಲ್ಲಿ ಬರುತ್ತದೆ.

1. ಸರಿಯಾದ ಆಲ್ಬಂ ಹುಡುಕಿ

ಬಾಖ್‌ನ ಪ್ರತಿ ರಚನೆಗೂ ಒಂದು ಸಂಖ್ಯೆ ಇದೆ. ಅದರ ಮುಂದೆ ಬಿಡಬ್ಲ್ಯುವಿ ಅನ್ನುವ ಮೂರು ಅಕ್ಷರ ಇರುತ್ತದೆ. 1950ರಲ್ಲಿ ವೂಲ್ಫ್‌ಗಾಂಗ್ ಷ್ಮೀಡರ್ ಪ್ರಕಟಿಸಿದ ಪಟ್ಟಿಯ ಸಂಖ್ಯೆ ಅದು. ಯಾವುದು ಮೊದಲು ಬರೆದದ್ದು, ಯಾವುದು ಆಮೇಲೆ ಅನ್ನುವುದು ಈ ಸಂಖ್ಯೆಯಿಂದ ತಿಳಿಯುವುದಿಲ್ಲ. ಪಟ್ಟಿ ಮಾಡಿರುವುದು ಪ್ರಕಾರಗಳ ಮೇಲೆ. ಆದರೆ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಜರ್ಮನ್ ಹೆಸರಿನ ಕಾಗುಣಿತ ತಪ್ಪಬಹುದು, ಸಂಖ್ಯೆ ತಪ್ಪುವುದಿಲ್ಲ.

ನಿಮಗೆ ಬೇಕಾದದ್ದು ಮೂರು ಸಂಖ್ಯೆ: 82, 56, 158. ಬ್ಯಾರಿಟೋನ್, ಅಂದರೆ ನಡುವಿನ ಗಂಡು ದನಿಯ, ಗಾಯಕರು ಬಾಖ್‌ನ ಕಾಂಟಾಟಾ ಆಲ್ಬಂ ಮಾಡಿದರೆ ಹೆಚ್ಚುಕಡಿಮೆ ಈ ಮೂರೇ ಇರುತ್ತವೆ, ಇಲ್ಲವೇ ಮೊದಲ ಎರಡು. 82ರ ಹೆಸರು ‘ಇಖ್ ಹಾಬೆ ಗೆನೂಗ್’, ನನಗೆ ಇಷ್ಟು ಸಾಕು ಅಂತ ಅರ್ಥ. 56ರ ಹೆಸರು ‘ಇಖ್ ವಿಲ್ ಡೆನ್ ಕ್ರೊಯ್ತ್ಸ್‌ಷ್ಟಾಬ್ ಗೆರ್ನೆ ಟ್ರಾಗೆನ್’, ಶಿಲುಬೆಯನ್ನು ಸಂತೋಷದಿಂದ ಹೊರುತ್ತೇನೆ ಅಂತ. 158ರದ್ದು ‘ಡೆರ್ ಫ್ರೀಡೆ ಸೈ ಮಿಟ್ ಡಿರ್’, ನಿನಗೆ ಶಾಂತಿ ಇರಲಿ.

ಇಲ್ಲಿ ಜನ ಎಡವುವುದು ಮೂರು ಕಡೆ. ಒಂದು, 82ಕ್ಕೆ ಬಾಖ್ ತಾನೇ ಬೇರೆ ರೂಪಗಳನ್ನೂ ಮಾಡಿದ್ದ. ಸೊಪ್ರಾನೊ, ಅಂದರೆ ಹೆಣ್ಣಿನ ಎತ್ತರದ ದನಿಗೆ ಓಬೋ (ಶಹನಾಯಿಯ ಬಳಗದ ಊದುವ ವಾದ್ಯ) ಬದಲು ಕೊಳಲಿನ ಜೊತೆ ಬರೆದದ್ದು ಒಂದಿದೆ. ಅದೂ ಚೆಂದ, ಆದರೆ ನೀವು ಹುಡುಕುತ್ತಿರುವುದು ಅದಲ್ಲ. ಎರಡು, ‘ಶಾಂತ ನಿದ್ರೆಗೆ ಬಾಖ್’ ಅನ್ನುವಂಥ ಸಂಕಲನಗಳಲ್ಲಿ ನಡುವಿನ ಒಂದು ಹಾಡನ್ನು ಮಾತ್ರ ಕಿತ್ತು ಹಾಕಿರುತ್ತಾರೆ. ಇಡೀ ಕಾಂಟಾಟಾ ಇದೆಯಾ ನೋಡಿ. 82ರಲ್ಲಿ ಐದು ಟ್ರ್ಯಾಕ್ ಇರಬೇಕು, 56ರಲ್ಲೂ ಐದು, 158ರಲ್ಲಿ ನಾಲ್ಕು. ಮೂರು, ಆಪ್‌ನಲ್ಲಿ ಶಫಲ್ ಆನ್ ಆಗಿದ್ದರೆ ಆಫ್ ಮಾಡಿ. ಟ್ರ್ಯಾಕುಗಳ ಕ್ರಮ ತಪ್ಪಿದರೆ ಕಥೆಯೇ ತಪ್ಪಿತು.

2. ಬಾಸ್ ಅಂತ ಬರೆದಿದೆ, ಹಾಡಿದ್ದು ಬ್ಯಾರಿಟೋನ್, ಇದೇನು?

ಗಂಡು ಕಂಠದಲ್ಲಿ ಅತಿ ಕೆಳಗಿನದು ಬಾಸ್, ಮೇಲಿನದು ಟೆನರ್, ನಡುವಿನದು ಬ್ಯಾರಿಟೋನ್. ಬಾಖ್‌ನ ಪುಟಗಳಲ್ಲಿ ಇರುವುದು ಬಾಸ್ ಅಂತಲೇ. ನಡುವಿನ ದನಿಯನ್ನು ಬೇರೆಯೇ ವರ್ಗ ಮಾಡಿ ಬ್ಯಾರಿಟೋನ್ ಅಂತ ಕರೆಯುವ ರೂಢಿ ಗಟ್ಟಿಯಾದದ್ದು ಬಹಳ ಆಮೇಲೆ, 19ನೇ ಶತಮಾನದಲ್ಲಿ. ಈ ಕಾಂಟಾಟಾಗಳಲ್ಲಿ ಹಾಡು ಜಾಸ್ತಿ ಹೊತ್ತು ಸುಳಿಯುವುದು ಬಾಸ್ ಕಂಠದ ಮೇಲಿನ ಅರ್ಧದಲ್ಲಿ. ಅದಕ್ಕೇ ಬ್ಯಾರಿಟೋನ್‌ಗಳಿಗೆ ಇವು ಇಷ್ಟೊಂದು ಒಗ್ಗುತ್ತವೆ. ನಿಜವಾದ ಬಾಸ್ ಹಾಡಿದರೆ ಮೇಲಿನ ಸ್ವರಗಳಲ್ಲಿ ಶ್ರಮ ಕೇಳಿಸುತ್ತದೆ. ಬ್ಯಾರಿಟೋನ್ ಹಾಡಿದರೆ ಅಲ್ಲಿ ಹಗುರ, ಕೆಳಗಿನ ಸ್ವರಗಳಲ್ಲಿ ಸ್ವಲ್ಪ ತೆಳು. ಇದರಲ್ಲಿ ತಪ್ಪು-ಸರಿ ಏನಿಲ್ಲ. ನಿಮ್ಮ ಆಲ್ಬಂನ ಗಾಯಕ ಎಲ್ಲಿ ಆರಾಮಾಗಿದ್ದಾನೆ ಅಂತ ಗಮನಿಸಿ, ಸಾಕು.

3. ಕೇಳುವ ಮೊದಲು ಓದಿ

ಈ ಹಂತವನ್ನು ಬಿಟ್ಟವರೇ ‘ಎಲ್ಲ ಒಂದೇ ಥರ’ ಅನ್ನುವುದು. ದಯವಿಟ್ಟು ಬಿಡಬೇಡಿ, ಹತ್ತು ನಿಮಿಷದ ಕೆಲಸ.

ಇವು ಕಛೇರಿಗೆ ಬರೆದ ಹಾಡುಗಳಲ್ಲ. ಬಾಖ್ 1723ರಿಂದ ತೀರಿಕೊಳ್ಳುವ ತನಕ, ಅಂದರೆ 1750ರ ತನಕ, ಜರ್ಮನಿಯ ಲೈಪ್‌ತ್ಸಿಗ್ ಊರಿನಲ್ಲಿ ಚರ್ಚ್ ಸಂಗೀತದ ಹೊಣೆ ಹೊತ್ತಿದ್ದ. ಭಾನುವಾರ, ಹಬ್ಬದ ದಿನ, ಬೈಬಲಿನ ಒಂದು ಭಾಗ ಓದುತ್ತಾರೆ, ಆಮೇಲೆ ಕಾಂಟಾಟಾ, ಆಮೇಲೆ ಪ್ರವಚನ. ಅಂದರೆ ಆಗ ಕೇಳುತ್ತಿದ್ದವರಿಗೆ ಕಥೆ ಆಗಷ್ಟೇ ಕಿವಿಗೆ ಬಿದ್ದಿರುತ್ತಿತ್ತು. ನಮಗೆ ಬಿದ್ದಿರುವುದಿಲ್ಲ. ಸತ್ಯವೇದ ಬೇಕು ಅಂದದ್ದು ಇದಕ್ಕೆ.

82 ಹಾಡಿದ್ದು 1727ರ ಫೆಬ್ರವರಿ 2ರಂದು. ಕ್ರಿಸ್‌ಮಸ್ ಆಗಿ ನಲವತ್ತನೇ ದಿನದ ಹಬ್ಬ ಅದು. ಮಗು ಯೇಸುವನ್ನು ದೇವಾಲಯಕ್ಕೆ ತಂದ ದಿನ. ಲೂಕನ ಸುವಾರ್ತೆಯ 2ನೇ ಅಧ್ಯಾಯ ತೆಗೆದು 22ರಿಂದ 32ನೇ ವಚನದ ತನಕ ಓದಿ. ಮುದುಕ ಸಿಮೆಯೋನ ಮಗುವನ್ನು ತೋಳಲ್ಲಿ ಎತ್ತಿಕೊಳ್ಳುತ್ತಾನೆ. ಕಾದಿದ್ದದ್ದು ಸಿಕ್ಕಿತು, ಇನ್ನು ನಾನು ಹೊರಡಬಹುದು ಅನ್ನುತ್ತಾನೆ. ಕಾಂಟಾಟಾದಲ್ಲಿ ಹಾಡುವವನು ಆ ಮುದುಕನೂ ಹೌದು, ಅವನನ್ನು ಕಂಡು ‘ನನಗೂ ಹಾಗೇ ಆಗಲಿ’ ಅನ್ನುವ ಭಕ್ತನೂ ಹೌದು.

56 ಅದಕ್ಕೂ ಮೂರು ತಿಂಗಳ ಹಿಂದಿನದು, 1726ರ ಅಕ್ಟೋಬರ್ 27. ಆ ದಿನದ ಓದು ಮತ್ತಾಯನ ಸುವಾರ್ತೆಯ 9ನೇ ಅಧ್ಯಾಯದ ಮೊದಲ ಎಂಟು ವಚನ. ಅದು ಶುರುವಾಗುವುದೇ ಯೇಸು ದೋಣಿ ಹತ್ತಿ ಆಚೆ ದಡಕ್ಕೆ ಹೋಗಿ ತನ್ನ ಊರು ಸೇರುವುದರಿಂದ. ಕಾಂಟಾಟಾದ ನಡುವೆ ಇದ್ದಕ್ಕಿದ್ದಂತೆ ಸಮುದ್ರಯಾನ ಯಾಕೆ ಬಂತು ಅಂತ ಈಗ ಗೊತ್ತಾಯ್ತು, ಅಲ್ವಾ?

ಎರಡರ ಸಾಹಿತ್ಯವೂ ಕ್ರಿಸ್ಟೋಫ್ ಬಿರ್ಕ್‌ಮನ್ ಅನ್ನುವವರದು. ಆಗ ಲೈಪ್‌ತ್ಸಿಗ್‌ನಲ್ಲಿ ಓದುತ್ತಿದ್ದ ಯುವಕ. ಬರೆದವರು ಯಾರು ಅನ್ನುವುದು ತೀರಾ ಇತ್ತೀಚಿನವರೆಗೂ ಯಾರಿಗೂ ತಿಳಿದಿರಲಿಲ್ಲ.

ಒಂದು ಎಚ್ಚರಿಕೆಯ ಮಾತು. ಎರಡರಲ್ಲೂ ಸಾವನ್ನು ಕರೆಯುವ ಮಾತುಗಳಿವೆ. ‘ನನ್ನ ಸಾವಿಗಾಗಿ ಸಂತೋಷದಿಂದ ಕಾಯುತ್ತಿದ್ದೇನೆ’ ಅಂತಲೇ ಒಂದು ಹಾಡು. ಇದನ್ನು ಹತಾಶೆ ಅಂತ ಓದಿಕೊಳ್ಳಬೇಡಿ. ಆ ಕಾಲದ ಲೂಥರನ್, ಅಂದರೆ ಮಾರ್ಟಿನ್ ಲೂಥರ್ ಪಂಥದ, ಭಕ್ತರಿಗೆ ಸಾವು ಅಂದರೆ ದಣಿದವನು ಮನೆ ಸೇರುವುದು. ಸಾವು ಅವರಿಗೆ ದೂರದ ಮಾತೂ ಆಗಿರಲಿಲ್ಲ. 1726ರ ಜೂನ್‌ನಲ್ಲಿ ಬಾಖ್ ದಂಪತಿಯ ಮೂರು ವರ್ಷದ ಮಗಳು ತೀರಿಕೊಂಡಿದ್ದಳು. ಈ ಸಂಗೀತ ಅದರಿಂದಲೇ ಹುಟ್ಟಿತು ಅಂತ ಹೇಳುವುದು ಸರಿಯಲ್ಲ. ಹಬ್ಬಕ್ಕೆ ಬೇಕಾಗಿತ್ತು, ಬರೆದ. ಆದರೂ ಕೇಳುವಾಗ ಅದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನೀವು ಸದ್ಯ ಯಾರನ್ನಾದರೂ ಕಳೆದುಕೊಂಡ ನೋವಿನಲ್ಲಿದ್ದರೆ 56ರಿಂದ ಶುರು ಮಾಡಿ. ಅದರಲ್ಲಿ ದಾರಿ ಇದೆ, ಚಲನೆ ಇದೆ. 82 ಆಮೇಲೆ ಕೇಳಿದರಾಯ್ತು.

4. ನಾಲ್ಕೈದು ಪದ ಗೊತ್ತಿರಲಿ

ಕಾಂಟಾಟಾ ಅಂದರೆ ಹಲವು ತುಣುಕುಗಳನ್ನು ಜೋಡಿಸಿದ ಹಾಡುಗಬ್ಬ. ಅದರಲ್ಲಿ ಎರಡು ಬಗೆ ಮುಖ್ಯ. ಆರಿಯಾ ಅಂದರೆ ಪೂರ್ತಿ ಹಾಡು: ತಾಳ ಇದೆ, ವಾದ್ಯಗಳ ಪೀಠಿಕೆ ಇದೆ, ಅದೇ ಮಾತು ತಿರುಗಿ ತಿರುಗಿ ಬರುತ್ತದೆ. ರೆಸಿಟೆಟಿವ್ ಅಂದರೆ ಮಾತಿನ ಓಟದಲ್ಲೇ ಹಾಡುವುದು. ಒಂದು ಸಲ ಹೇಳಿದ್ದು ಮತ್ತೆ ಬರುವುದಿಲ್ಲ, ಬೇಗ ಮುಗಿಯುತ್ತದೆ. ರೆಸಿಟೆಟಿವ್ ನಡುವೆ ಒಂದೆರಡು ಸಾಲು ತಾಳಕ್ಕೆ ಕೂತು ಹಾಡಾಗಿಬಿಟ್ಟರೆ ಅದು ಅರಿಯೋಸೊ. ಕೊನೆಯಲ್ಲಿ ಮೇಳ ಸೇರಿ ಹಾಡುವ ಸಭೆಯ ಕೀರ್ತನೆ ಕೊರಾಲ್. ಬಾಸೆಲ್ ಮಿಷನ್ ಪರಂಪರೆಯ ಸಭೆಗಳಲ್ಲಿ, ಮಂಗಳೂರು ಧಾರವಾಡದ ಕಡೆ, ಬೆಳೆದವರಿಗೆ ಈ ಬಗೆಯ ಧಾಟಿ ಹೊಸದಲ್ಲ. ಜರ್ಮನ್ ಕೊರಾಲ್‌ಗಳ ಧಾಟಿಗೆ ಕನ್ನಡ ಗೀತೆ ಹಾಡಿದವರು ಅವರು.

ಕಂಟಿನ್ಯೂಒ ಅಂದರೆ ಉದ್ದಕ್ಕೂ ಕೆಳಗೆ ನಡೆಯುವ ಆಧಾರದ ಸಾಲು: ಸೆಲ್ಲೋ, ಜೊತೆಗೆ ಆರ್ಗನ್ ಅಥವಾ ಹಾರ್ಪ್ಸಿಕಾರ್ಡ್ (ಪಿಯಾನೋಗೂ ಹಿಂದಿನ, ತಂತಿ ಮೀಟುವ ಕೀಲಿವಾದ್ಯ). ಕೊನೆಯದು ಒಬ್ಲಿಗಾಟೊ, ನಮಗೆ ಎಲ್ಲಕ್ಕಿಂತ ಮುಖ್ಯವಾದ ಪದ. ಗಾಯಕನಷ್ಟೇ ಮುಖ್ಯವಾದ ಹಾಡು ಇರುವ ಒಂಟಿ ವಾದ್ಯ ಅದು.

ನಮ್ಮ ಕಛೇರಿಯ ಪಕ್ಕವಾದ್ಯವನ್ನು ನೆನೆದುಕೊಂಡರೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧ ಬೇರೆ. ನಮ್ಮ ಪಿಟೀಲು ಗಾಯಕರನ್ನು ಹಿಂಬಾಲಿಸುತ್ತದೆ. ಇಲ್ಲಿ ಓಬೋ ಮೊದಲು ಹಾಡುತ್ತದೆ, ಗಾಯಕ ಅದರಿಂದ ಎತ್ತಿಕೊಳ್ಳುತ್ತಾನೆ. ಓಬೋದ ಒಂದೊಂದು ಸ್ವರವನ್ನೂ ಬಾಖ್ ಬರೆದಿಟ್ಟಿದ್ದಾನೆ. ಗಾಯಕ ಸುಮ್ಮನಾದಾಗ ಅದು ಬರೀ ಜಾಗ ತುಂಬುವುದಿಲ್ಲ, ಮಾತು ಮುಂದುವರಿಸುತ್ತದೆ.

5. ಮೊದಲ ಕೇಳುವಿಕೆ: 82

ಇಪ್ಪತ್ತೆರಡರಿಂದ ಇಪ್ಪತ್ತೈದು ನಿಮಿಷ. ಫೋನು ಸೈಲೆಂಟ್ ಮಾಡಿ. ಸಾಹಿತ್ಯ ಎದುರಿಗಿರಲಿ, ಆದರೆ ಪದ ಪದ ಹಿಂಬಾಲಿಸುವ ಹಟ ಬೇಡ.

ಮೊದಲ ಆರಿಯಾದಲ್ಲಿ ಗಾಯಕ ಬರುವ ಮೊದಲು ಓಬೋ ಇಡೀ ಹಾಡನ್ನು ಹೇಳಿಬಿಡುತ್ತದೆ. ಅದು ಹೊರಡುವುದೇ ಒಂದು ನೆಗೆತದಿಂದ. ಇದರ ಶ್ರುತಿಯನ್ನು ಸ ಅಂತ ಇಟ್ಟುಕೊಂಡರೆ, ಕೆಳಗಿನ ಪ ಇಂದ ಮೇಲಿನ ಸಾಧಾರಣ ಗಾಂಧಾರಕ್ಕೆ ನೇರ ಹಾರುತ್ತದೆ, ಆಮೇಲೆ ಬಳುಕುತ್ತ ಇಳಿಯುತ್ತದೆ. ಕೈ ಚಾಚಿ ಏನನ್ನೋ ಎತ್ತಿಕೊಂಡ ಹಾಗೆ. ಗಾಯಕ ‘ಇಖ್ ಹಾಬೆ ಗೆನೂಗ್’ ಅಂತ ಬರುವುದೂ ಅದೇ ನೆಗೆತದಲ್ಲಿ. ಅಲ್ಲಿಂದ ಮುಂದೆ ಇಬ್ಬರನ್ನೂ ಹಿಡಿದು ಕೂರಿ. ಗಾಯಕ ಉದ್ದ ಸ್ವರ ಹಿಡಿದಾಗ ಓಬೋ ಓಡಾಡುತ್ತದೆ. ಓಬೋ ನಿಂತಾಗ ಇವನು ಚಲಿಸುತ್ತಾನೆ. ಮೊದಲ ಸಲ ಕೇಳುವಾಗ ಓಬೋವನ್ನು ಮಾತ್ರ ಹಿಂಬಾಲಿಸಿ ನೋಡಿ. ಗಾಯಕ ತಾನಾಗಿಯೇ ಸ್ಪಷ್ಟವಾಗುತ್ತಾನೆ.

ಇಲ್ಲೊಂದು ಗುಂಡಿ ಇದೆ, ನಮ್ಮ ಸಂಗೀತ ಬಲ್ಲವರೇ ಇದರಲ್ಲಿ ಬೀಳುವುದು ಜಾಸ್ತಿ. ‘ಇದು ಯಾವ ರಾಗಕ್ಕೆ ಹತ್ತಿರ?’ ಅಂತ ಹುಡುಕಲು ಕೂರುತ್ತಾರೆ. ಐದಾರು ಸಾಲು ಹೊಂದುತ್ತದೆ, ಆಮೇಲೆ ಹೊಂದುವುದಿಲ್ಲ, ಬೇಸರ. ಇಲ್ಲಿ ತಂಬೂರಿ ಇಲ್ಲ. ಆಧಾರ ಸ್ವರವೇ ಜಾಗ ಬದಲಿಸುತ್ತದೆ. ಅದಕ್ಕೆ ಮಾಡ್ಯುಲೇಶನ್ ಅನ್ನುತ್ತಾರೆ. ನೆಲ ಸರಿದಾಗ ಏನನ್ನಿಸುತ್ತದೆ ಅಂತ ಗಮನಿಸಿ, ಸ್ವರಸ್ಥಾನ ಲೆಕ್ಕ ಹಾಕುವುದು ಬೇಡ.

ಎರಡನೇ ಟ್ರ್ಯಾಕು ರೆಸಿಟೆಟಿವ್, ಒಂದು ನಿಮಿಷದ ಆಸುಪಾಸು. ಬಹಳ ಜನ ಇದನ್ನು ಹಾರಿಸುತ್ತಾರೆ. ಹಾರಿಸಿದರೆ ಒಂದು ಅಪರೂಪದ ಜಾಗ ತಪ್ಪುತ್ತದೆ. ನಡುವೆ ‘ಲಾಸ್ಟ್ ಉನ್ಸ್ ಮಿಟ್ ಡೀಸೆಮ್ ಮಾನ್ನೆ ತ್ಸೀನ್’ ಅಂತ ಒಂದು ಸಾಲು: ಈ ಮನುಷ್ಯನ ಜೊತೆ ನಾವೂ ಹೋಗೋಣ. ಅಲ್ಲಿ ಮಾತು ನಿಂತು ಅರಿಯೋಸೊ ಆಗುತ್ತದೆ. ಗಾಯಕ ಹಾಡಿದ್ದನ್ನೇ ಕೆಳಗಿನ ಸೆಲ್ಲೋ ಹಿಂದೆಯೇ ನುಡಿಸುತ್ತದೆ. ಒಬ್ಬನ ಹೆಜ್ಜೆಯ ಮೇಲೆ ಇನ್ನೊಬ್ಬ ಹೆಜ್ಜೆಯಿಟ್ಟು ನಡೆಯುವುದು ಅಕ್ಷರಶಃ ಕೇಳಿಸುತ್ತದೆ. ಕೆಲವೇ ಸೆಕೆಂಡು. ಹಿಂದಕ್ಕೆ ಹೋಗಿ ಎರಡು ಮೂರು ಸಲ ಕೇಳಿ.

ಮೂರನೆಯದು ‘ಷ್ಲುಮರ್ಟ್ ಐನ್’, ದಣಿದ ಕಣ್ಣುಗಳೇ ಮುಚ್ಚಿಕೊಳ್ಳಿ ಅನ್ನುವ ಹಾಡು. ಸಂಕಲನಗಳಿಗೆ ಕಿತ್ತುಕೊಳ್ಳುವುದು ಇದನ್ನೇ. ಬಾಖ್‌ನ ಹೆಂಡತಿ ಆನಾ ಮಗ್ಡಲೇನಾ ಒಳ್ಳೆಯ ಗಾಯಕಿ. ಮನೆಯ ಸಂಗೀತ ಪುಸ್ತಕದಲ್ಲಿ ಈ ಹಾಡನ್ನು ತನ್ನ ದನಿಗೆ ಹೊಂದುವ ಹಾಗೆ ಬರೆದಿಟ್ಟುಕೊಂಡಿದ್ದರು. ಈ ಆರಿಯಾದಲ್ಲಿ 1727ರ ರೂಪದ ಪ್ರಕಾರ ಓಬೋ ಇಲ್ಲ, ಬರೀ ತಂತಿವಾದ್ಯಗಳು. ಹಾಗಾದರೆ ಜೊತೆಗಾರ ಯಾರು? ನಿಶ್ಶಬ್ದ. ಅಲ್ಲಲ್ಲಿ ಸಂಗೀತ ನಿಂತುಬಿಡುತ್ತದೆ. ಬರಹದಲ್ಲಿ ಸ್ವರದ ಮೇಲೆ ಒಂದು ಕಮಾನು, ಒಳಗೊಂದು ಚುಕ್ಕಿ ಹಾಕಿರುತ್ತಾರೆ. ಅದು ಫರ್ಮಾಟಾ, ತಾಳ ಬಿಟ್ಟು ಬೇಕಾದಷ್ಟು ಹೊತ್ತು ನಿಲ್ಲಿ ಅಂತ. ಗಾಯಕನ ವಿವೇಕ ತಿಳಿಯುವುದು ಇಲ್ಲೇ. ಎಷ್ಟು ಹೊತ್ತು ನಿಲ್ಲುತ್ತಾನೆ, ಉಸಿರು ಯಾವಾಗ ತೊಗೊಳ್ಳುತ್ತಾನೆ, ಮತ್ತೆ ಹೊರಡುವಾಗ ದನಿ ಎಷ್ಟು ಮೆತ್ತಗೆ ಬರುತ್ತದೆ ನೋಡಿ. ಜಾಸ್ತಿ ಎಳೆದರೆ ಹಾಡು ಅಳುಮುಂಜಿಯಾಗುತ್ತದೆ. ಎಳೆಯದೇ ಹೋದರೆ ಕಣ್ಣು ಮುಚ್ಚುವುದೇ ಇಲ್ಲ. ಮೊದಲ ಸಾಲು ನಡುವೆಯೂ ಬರುತ್ತದೆ, ಕೊನೆಗೂ ಬರುತ್ತದೆ. ಒಳ್ಳೆಯ ಗಾಯಕ ಪ್ರತಿ ಸಲವೂ ಅದನ್ನು ಬೇರೆ ಹಾಡುತ್ತಾನೆ.

ನಾಲ್ಕನೆಯದು ಇನ್ನೊಂದು ಚಿಕ್ಕ ರೆಸಿಟೆಟಿವ್. ಕೊನೆಯ ಮಾತು ‘ಜಗತ್ತೇ, ಶುಭರಾತ್ರಿ’. ಅದಾದ ಮೇಲೆ ಕೆಳಗಿನ ಸಾಲು ಮೆಟ್ಟಿಲಿಳಿದು ಹೋಗುತ್ತದೆ. ಐದನೆಯದು ಓಡುವ ಆರಿಯಾ, ಓಬೋ ಮರಳಿ ಬರುತ್ತದೆ. ಸಾವಿಗಾಗಿ ಸಂತೋಷ ಅನ್ನುವ ಮಾತು, ಕುಣಿತದ ಲಯ, ಆದರೆ ಮೊದಲ ಹಾಡಿನದೇ ದುಗುಡದ ಶ್ರುತಿ. ಸಂತೋಷಕ್ಕೆ ಅಂತ ಬಾಖ್ ಬೆಳಕಿನ ಮೇಜರ್ ಶ್ರುತಿಗೆ ಬದಲಾಯಿಸಲಿಲ್ಲ. ನನಗೆ ಈ ಕಾಂಟಾಟಾದಲ್ಲಿ ತುಂಬ ಹಿಡಿಸುವುದು ಇದೇ. ಇದರಲ್ಲಿ ಗಾಯಕ ಒಂದೇ ಉಸಿರಿನಲ್ಲಿ ಸ್ವರಗಳ ಉದ್ದುದ್ದ ಸರ ಹಾಡಬೇಕು. ಅದಕ್ಕೆ ಕೊಲೊರಟೂರಾ ಅನ್ನುತ್ತಾರೆ. ನಮ್ಮ ಬಿರ್ಕಾಗಳ ಹಾಗೆ ವೇಗ, ಆದರೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ಕೊನೆಯಲ್ಲಿ ಕೊರಾಲ್ ಇಲ್ಲ. ಆಲ್ಬಂನಲ್ಲಿ ಬಿಟ್ಟುಹೋಗಿದೆ ಅಂದುಕೊಳ್ಳಬೇಡಿ. ಬಾಖ್ ಬರೆದದ್ದೇ ಅಷ್ಟು.

6. ಇನ್ನೊಂದು ದಿನ: 56

ಅದೇ ದಿನ ಇದನ್ನೂ ಹಾಕಬೇಡಿ. ಒಂದೇ ದನಿ ಒಂದು ಗಂಟೆ ಕೇಳಿದರೆ ಕಿವಿ ದಣಿಯುತ್ತದೆ, ಆಮೇಲೆ ತಪ್ಪು ಸಂಗೀತದ ಮೇಲೆ ಬರುತ್ತದೆ. ಇದು ಇಪ್ಪತ್ತು ನಿಮಿಷದ ಆಸುಪಾಸು. ಇನ್ನೊಂದು ವಿಷಯ: ಇಂಥ ರಚನೆಗಳನ್ನೆಲ್ಲ ನಾವು ಕಾಂಟಾಟಾ ಅನ್ನುತ್ತೇವಾದರೂ ಬಾಖ್ ತಾನೇ ಆ ಹೆಸರು ಬರೆದಿಟ್ಟದ್ದು ಕೆಲವಕ್ಕೆ ಮಾತ್ರ. ಅವುಗಳಲ್ಲಿ ಇದೊಂದು.

ಮೊದಲ ಆರಿಯಾದಲ್ಲಿ ಹಾಡು ಕಷ್ಟಪಟ್ಟು ಮೇಲೇರಿ ಒಂದು ಚೂಪಾದ ಸ್ವರಕ್ಕೆ ತಾಗುತ್ತದೆ, ಆಮೇಲೆ ಎರಡೆರಡೇ ಸ್ವರವಾಗಿ ನಿಟ್ಟುಸಿರು ಬಿಡುತ್ತ ಇಳಿಯುತ್ತದೆ. ಭಾರ ಎತ್ತಿ ಹೆಗಲಿಗೆ ಇಟ್ಟುಕೊಳ್ಳುವುದೇ ಸಂಗೀತವಾಗಿದೆ. ಆರಿಯಾದ ಕೊನೆಯ ಭಾಗದಲ್ಲಿ ‘ಅಲ್ಲಿ ನನ್ನ ದುಃಖವನ್ನೆಲ್ಲ ಗೋರಿಗೆ ಇಳಿಸುತ್ತೇನೆ’ ಅನ್ನುವ ಮಾತು ಬಂದಾಗ ಗಾಯಕನ ಲಯ ಬದಲಾಗುತ್ತದೆ: ಒಂದು ಪೆಟ್ಟಿಗೆ ಮೂರು ಮೂರು ಸ್ವರ, ನಮ್ಮ ತಿಶ್ರ ನಡೆ. ಈ ಜಾಗವನ್ನು ಗುರುತಿಟ್ಟುಕೊಳ್ಳಿ. ಬೇಕಾದರೆ ನಿಮಿಷ ಸೆಕೆಂಡು ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಎರಡನೆಯದು ಸಮುದ್ರಯಾನದ ರೆಸಿಟೆಟಿವ್. ಇಲ್ಲಿ ಜೊತೆಗಾರ ಸೆಲ್ಲೋ. ಗಾಯಕ ‘ಈ ಲೋಕದಲ್ಲಿ ನನ್ನ ನಡೆ ಹಡಗಿನ ಪಯಣದಂತೆ’ ಅಂತ ಶುರು ಮಾಡುತ್ತಾನೆ, ಕೆಳಗೆ ಸೆಲ್ಲೋ ಏರಿಳಿಯುತ್ತ ಅಲೆಯಾಗುತ್ತದೆ. ಕೊನೆಗೆ ಅವನು ಹಡಗಿನಿಂದ ಇಳಿದು ತನ್ನ ಊರಿಗೆ ಕಾಲಿಡುತ್ತಾನೆ. ಅಷ್ಟರಲ್ಲಿ ಅಲೆ ನಿಂತಿರುತ್ತದೆ. ಯಾವ ಪದದ ಹತ್ತಿರ ನಿಲ್ಲುತ್ತದೆ ಅಂತ ಸಾಹಿತ್ಯ ನೋಡಿಕೊಂಡು ಪತ್ತೆ ಮಾಡಿ. ಮೊಬೈಲ್ ಸ್ಪೀಕರ್ ಬೇಡ ಅಂದದ್ದು ಈ ಜಾಗಕ್ಕಾಗಿ.

ಮೂರನೆಯದರಲ್ಲಿ ಓಬೋ ಮತ್ತು ಗಾಯಕ ಇಬ್ಬರೂ ಹಗುರ, ನೊಗ ಕಳಚಿದ ಖುಷಿ. ಹದ್ದಿನ ಹಾಗೆ ಹಾರುವ ಮಾತು ಇದರಲ್ಲಿದೆ. ಯೆಶಾಯನ ಪುಸ್ತಕದ 40ನೇ ಅಧ್ಯಾಯದ ಕೊನೆಯ ವಚನದಿಂದ ಬಂದದ್ದು. ಈ ಕಾಂಟಾಟಾದಲ್ಲಿ ಇದೇ ಸುಲಭದ ತುಣುಕು, ಜಾಸ್ತಿ ವಿವರಣೆ ಬೇಡ.

ನಾಲ್ಕನೆಯದು ಮತ್ತೆ ರೆಸಿಟೆಟಿವ್, ಈ ಸಲ ತಂತಿವಾದ್ಯಗಳ ಹೊದಿಕೆಯೊಂದಿಗೆ. ‘ನಾನು ಸಿದ್ಧನಾಗಿ ನಿಂತಿದ್ದೇನೆ’ ಅನ್ನುತ್ತಾನೆ. ಅಷ್ಟರಲ್ಲಿ ಗತಿ ನಿಧಾನವಾಗಿ, ನೀವು ಗುರುತಿಟ್ಟುಕೊಂಡ ತಿಶ್ರದ ಹಾಡು ವಾಪಸ್ ಬರುತ್ತದೆ, ಅದೇ ಮಾತಿನೊಂದಿಗೆ. ಮೊದಲ ಸಲ ಅದು ಆಸೆಯಾಗಿತ್ತು. ಈಗ ಎದುರಿಗೇ ಇದೆ. ಹೀಗೆ ಒಂದು ಆರಿಯಾದ ಸಂಗೀತ ಆಮೇಲಿನ ರೆಸಿಟೆಟಿವ್‌ನಲ್ಲಿ ಮರಳಿ ಬರುವುದು ಬಾಖ್‌ನಲ್ಲೇ ಅಪರೂಪ. ಕ್ರಮವಾಗಿ ಕೇಳಿ, ಶಫಲ್ ಬೇಡ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಕೊನೆಗೆ ಕೊರಾಲ್. ಯೋಹಾನ್ ಫ್ರಾಂಕ್ ಬರೆದ ಗೀತೆಯ ಒಂದು ನುಡಿ, ಯೋಹಾನ್ ಕ್ರ್ಯೂಗರ್ ಅವರ ಧಾಟಿ. ಎರಡೂ 17ನೇ ಶತಮಾನದವು. ‘ಬಾ ಸಾವೇ, ನಿದ್ದೆಯ ತಮ್ಮನೇ’ ಅಂತ ಶುರು. ಇಷ್ಟು ಹೊತ್ತು ಒಬ್ಬನೇ ಇದ್ದವನ ಸುತ್ತ ಈಗ ನಾಲ್ಕು ದನಿಯ ಮೇಳ. ಕೆಲವು ರೆಕಾರ್ಡಿಂಗ್‌ಗಳಲ್ಲಿ ದೊಡ್ಡ ಕಾಯಿರ್ ಇರುತ್ತದೆ, ಕೆಲವದರಲ್ಲಿ ದನಿಗೊಬ್ಬರು. ಒಂಟಿ ದನಿಯ ಕಾಂಟಾಟಾದಲ್ಲಿ ಮೇಳ ಯಾಕೆ ಅಂತ ಗಾಬರಿ ಬೇಡ, ರೂಢಿಯೇ ಹಾಗೆ.

7. 158: ಚಿಕ್ಕದು

ಹನ್ನೊಂದು ನಿಮಿಷದ ಹತ್ತಿರ. ನಮಗೆ ಸಿಕ್ಕಿರುವುದು ಆಮೇಲಿನ ಒಂದು ಪ್ರತಿ ಮಾತ್ರ. ಯಾವ ಹಬ್ಬಕ್ಕೆ ಮೊದಲು ಬರೆದದ್ದು ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ಇದರ ಎರಡನೇ ಟ್ರ್ಯಾಕು ಮಾತ್ರ ತಪ್ಪಿಸಬೇಡಿ. ಮೂರು ಸಾಲು ಒಟ್ಟಿಗೆ ನಡೆಯುತ್ತವೆ: ಬ್ಯಾರಿಟೋನ್‌ನ ಆರಿಯಾ, ಅವನ ಸುತ್ತ ಸುಳಿಯುವ ಒಂಟಿ ಪಿಟೀಲು, ಎರಡರ ಮೇಲೆ ಸೊಪ್ರಾನೊ ನಿಧಾನವಾಗಿ ಹಾಡುವ ‘ಜಗವೇ ಹೋಗಿ ಬರುತ್ತೇನೆ’ ಅನ್ನುವ ಕೊರಾಲ್. ಒಂದೊಂದು ಸಲಕ್ಕೆ ಒಂದೊಂದು ಸಾಲು ಹಿಡಿದು ಕೇಳಿ, ಆಮೇಲೆ ಮೂರನ್ನೂ.

8. ಯಾರ ರೆಕಾರ್ಡಿಂಗ್?

ಒಂದನ್ನು ಚೆನ್ನಾಗಿ ಕೇಳಿದ ಮೇಲಷ್ಟೇ ಇಲ್ಲಿಗೆ ಬನ್ನಿ. ಶುರುವಿಗೇ ಐದು ರೆಕಾರ್ಡಿಂಗ್ ಹೋಲಿಸಲು ಕೂತರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಹೋಲಿಸುವಾಗ ಕಿವಿಗೆ ಮೊದಲು ಬೀಳುವ ವ್ಯತ್ಯಾಸ ಶ್ರುತಿ. ಈಗಿನ ಆರ್ಕೆಸ್ಟ್ರಾ ಎ ಸ್ವರವನ್ನು 440 ಹರ್ಟ್ಸ್‌ಗೆ ಇಡುತ್ತದೆ. ಹಳೆಯ ಕಾಲದ ವಾದ್ಯಗಳನ್ನು, ಅಥವಾ ಅವುಗಳ ಮಾದರಿಯನ್ನು, ನುಡಿಸುವ ತಂಡಗಳು ಸಾಮಾನ್ಯವಾಗಿ 415ಕ್ಕೆ. ಹೆಚ್ಚುಕಡಿಮೆ ಅರ್ಧ ಮನೆ ಕೆಳಗೆ. ಗಾಯಕನಿಗೆ ಇದರಿಂದ ಮೇಲಿನ ಸ್ವರಗಳು ಸಲೀಸು, ದನಿಯ ಬಣ್ಣವೂ ಬೇರೆ. ಎರಡು ರೆಕಾರ್ಡಿಂಗ್ ಬೆನ್ನುಬೆನ್ನಿಗೆ ಹಾಕಿದಾಗ ಒಂದು ‘ಬೇಸೂರು’ ಅನ್ನಿಸಿದರೆ ಕಾರಣ ಇದು. ನಡುವೆ ಐದು ನಿಮಿಷ ಬಿಡಿ.

ಇನ್ನು ಹೆಸರುಗಳು. ಬ್ಯಾರಿಟೋನ್ ಡೀಟ್ರಿಖ್ ಫಿಷರ್-ಡೀಸ್ಕೌ 1951ರಲ್ಲಿ ವಾದ್ಯವೃಂದದ ನಿರ್ದೇಶಕ ಕಾರ್ಲ್ ರಿಸ್ಟೆನ್‌ಪಾರ್ಟ್ ಜೊತೆ 56, 82 ಎರಡನ್ನೂ ರೆಕಾರ್ಡ್ ಮಾಡಿದರು. ಆಗ ಅವರದ್ದು ಇಪ್ಪತ್ತರ ಹರೆಯ. 1960ರ ದಶಕದ ಕೊನೆಗೆ ಇನ್ನೊಬ್ಬ ನಿರ್ದೇಶಕ ಕಾರ್ಲ್ ರಿಖ್ಟರ್ ಜೊತೆ ಮತ್ತೆ ಹಾಡಿದರು. ಮೊದಲನೆಯದರಲ್ಲಿ ದನಿ ಮುಂದಿದೆ, ಎರಡನೆಯದರಲ್ಲಿ ಮಾತು ಮುಂದಿದೆ. ನನ್ನ ಆಯ್ಕೆ ಮೊದಲನೆಯದು. ಹಳೆಯ ಮೋನೋ ಧ್ವನಿಮುದ್ರಣ ಅಂತ ಬಿಡಬೇಡಿ.

ಟಾಮಸ್ ಕ್ವಾಸ್ಟಾಫ್ ಬಾಸ್-ಬ್ಯಾರಿಟೋನ್. ಮೂರೂ ಕಾಂಟಾಟಾಗಳ ಅವರ ಆಲ್ಬಂ ಬರ್ಲಿನ್ ಬರಾಕ್ ಸೊಲಿಸ್ಟನ್ ತಂಡದೊಂದಿಗೆ ಬಂತು, 2006ರಲ್ಲಿ ಗ್ರ್ಯಾಮಿ ಪಡೆಯಿತು. ಓಬೋ ಆಲ್ಬ್ರೆಖ್ಟ್ ಮಾಯರ್. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ, ಯಾಕಂದರೆ ಗಾಯಕ ಮತ್ತು ಓಬೋ ಇಬ್ಬರೂ ಸಮನಾಗಿ ಕೇಳಿಸುತ್ತಾರೆ. ಹಳೆಯ ವಾದ್ಯಗಳ ಸದ್ದು ಬೇಕಾದರೆ ನಿರ್ದೇಶಕ ಫಿಲಿಪ್ ಹೆರ್ರೆವೆಘ ಜೊತೆ ಪೀಟರ್ ಕೋಯ್ ಹಾಡಿದ್ದು ಕೇಳಿ. ದನಿ ದೊಡ್ಡದಲ್ಲ, ತೋರಿಕೆ ಇಲ್ಲ, ವಾದ್ಯಗಳ ಮಧ್ಯೆ ಒಬ್ಬನಾಗಿ ನಿಲ್ಲುತ್ತಾರೆ.

ಮಟಿಯಾಸ್ ಗರ್ನೆ ಎರಡು ಸಲ ಮಾಡಿದ್ದಾರೆ: ಒಮ್ಮೆ ನಿರ್ದೇಶಕ ರಾಜರ್ ನಾರಿಂಗ್ಟನ್ ಜೊತೆ, ಆಮೇಲೆ 2017ರಲ್ಲಿ ಬಂದದ್ದು ಫ್ರೈಬುರ್ಗ್ ಬರಾಕ್ ಆರ್ಕೆಸ್ಟ್ರಾ ಜೊತೆ. ಗರ್ನೆ ಫಿಷರ್-ಡೀಸ್ಕೌ ಅವರಲ್ಲಿ ಪಾಠ ಹೇಳಿಸಿಕೊಂಡವರು. ಗುರುವಿನದು ಪದ ಪದಕ್ಕೂ ಅರ್ಥ ತಿದ್ದುವ ಹಾಡಿಕೆ, ಶಿಷ್ಯನದು ಉದ್ದ ಉಸಿರಿನ ಹಾಡಿಕೆ. ಇಬ್ಬರ ‘ಷ್ಲುಮರ್ಟ್ ಐನ್’ ಮೊದಲ ಮೂರು ನಿಮಿಷ ಮಾತ್ರ ತೊಗೊಂಡು, ಫರ್ಮಾಟಾ ಬಂದಾಗ ಏನು ಮಾಡುತ್ತಾರೆ ಅಂತ ನೋಡಿ. ಇಡೀ ಆಲ್ಬಂ ಹೋಲಿಸುವುದಕ್ಕಿಂತ ಜಾಸ್ತಿ ತಿಳಿಯುತ್ತದೆ.

9. ಇದು ಹಿಡಿಸಿದರೆ ಮುಂದೆ

ಬಾಖ್‌ಗಿಂತ ಹಿಂದಕ್ಕೆ ಹೋಗಿ. ನಿಕೊಲಾಸ್ ಬ್ರೂನ್ಸ್ 1697ರಲ್ಲಿ ಬರೀ 31ನೇ ವಯಸ್ಸಿಗೆ ತೀರಿಕೊಂಡವರು. ಉತ್ತರ ಜರ್ಮನಿಯ ಹೂಸುಮ್‌ನಲ್ಲಿ ಆರ್ಗನ್ ನುಡಿಸುತ್ತಿದ್ದರು, ಆ ಕಾಲದ ಹೆಸರಾಂತ ಆರ್ಗನ್ ವಾದಕ ಬುಕ್ಸ್‌ಟೆಹೂಡೆ ಅವರ ಶಿಷ್ಯ. ಅವರ ‘ಮೈನ್ ಹೆರ್ತ್ಸ್ ಇಸ್ಟ್ ಬೆರೈಟ್’ ಬಾಸ್ ದನಿ ಮತ್ತು ಒಂದೇ ಪಿಟೀಲಿಗೆ ಬರೆದದ್ದು, ಮಾತು ಬೈಬಲಿನ ಕೀರ್ತನೆ 57ರದ್ದು. ಪಿಟೀಲು ಒಂದೇ ಆದರೂ ಎರಡು ತಂತಿ ಒಟ್ಟಿಗೆ ನುಡಿಸಿ ಎರಡು ಮೂರು ಪಿಟೀಲಿನ ಭ್ರಮೆ ಹುಟ್ಟಿಸುತ್ತದೆ. ಇದನ್ನು ಹಾಡಲು ಕೆಳಗೂ ಮೇಲೂ ಗಟ್ಟಿ ದನಿ ಬೇಕು. ಬ್ಯಾರಿಟೋನ್‌ಗಳಿಗೆ ಇಲ್ಲಿ ನಿಜಕ್ಕೂ ಕಷ್ಟ. ಬ್ರೂನ್ಸ್ ಅವರದೇ ‘ಡಿ ಪ್ರೊಫುಂಡಿಸ್’ ಕೂಡ ಹುಡುಕಿ, ಅದು ಕೀರ್ತನೆ 130.

ಇನ್ನೂ ಹಿಂದೆ, 1629ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಹೈನ್ರಿಖ್ ಷ್ಯುಟ್ಸ್ ಅವರ ‘ಫಿಲಿ ಮಿ ಅಬ್ಸಲೋನ್’. ಮಗ ಸತ್ತ ಸುದ್ದಿ ಕೇಳಿದ ದಾವೀದನ ಗೋಳು, ಸಮುವೇಲನ ಎರಡನೇ ಪುಸ್ತಕದ 18ನೇ ಅಧ್ಯಾಯದ ಕೊನೆಯ ವಚನ. ಕಟ್ಟುನಿಟ್ಟಾಗಿ ಹೇಳಿದರೆ ಇದು ಕಾಂಟಾಟಾ ಅಲ್ಲ, ಅದಕ್ಕೂ ಹಿಂದಿನ ಸೇಕ್ರೆಡ್ ಕನ್ಸರ್ಟೊ ಅನ್ನುವ ಬಗೆ. ಗಾಯಕನ ಜೊತೆ ನಾಲ್ಕು ಟ್ರಾಂಬೋನ್‌ಗಳಿವೆ, ಅಂದರೆ ಹಿತ್ತಾಳೆಯ ಊದುವ ವಾದ್ಯಗಳು. ಹುಡುಕುವಾಗ ಬಾಖ್‌ನ ಸಂಖ್ಯೆ ಇದಕ್ಕೆ ನಡೆಯುವುದಿಲ್ಲ; ಷ್ಯುಟ್ಸ್ ರಚನೆಗಳಿಗೆ ಎಸ್‌ಡಬ್ಲ್ಯುವಿ ಅನ್ನುವ ಬೇರೆ ಪಟ್ಟಿ ಇದೆ, ಅದರಲ್ಲಿ ಇದು 269. ಮೊದಲ ಸಲ ಕೇಳುವಾಗ ಗಾಯಕ ಬರುವ ತನಕ ಸುಮ್ನೆ ಟ್ರಾಂಬೋನ್‌ಗಳನ್ನೇ ಕೇಳಿ.